ಟೈರು ದಪ್ಪ, ತಿರುವು ಸಪ್ಪೆ!

ನಂದಿನಿ ಲೇಔಟ್: ಭಾನುವಾರ ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಹತ್ತಿ ಬಂದ ಜೀಪು ಸೋಮವಾರ ಬೆಳಿಗ್ಗೆ ನಮ್ಮ ಕ್ರಾಸಿನಲ್ಲೇ ತಿರುಗಬೇಕು ತಾನೇ ಸ್ವಾಮಿ? ದಪ್ಪ ಟೈರು ಕೊಳ್ಳುವಾಗ ಈ ಮಾತು ಯಾರಿಗೂ ಹೊಳೆಯುವುದಿಲ್ಲ. ಗಾಡಿ ಗೂಳಿ ಹಾಗೆ ಕಾಣಬೇಕು, ಅಷ್ಟೆ. ಮೊದಲ ತಿರುವಿನಲ್ಲಿ 'ಕರ್ರ್' ಎಂದು ಸದ್ದು ಬಂದಾಗಲೇ ಮೆಕ್ಯಾನಿಕ್ಕಿನ ನೆನಪು.

1985ರಲ್ಲಿ ಬಂದ ಮಾರುತಿ ಜಿಪ್ಸಿಯನ್ನೇ ತಗೊಳ್ಳಿ. ಶೋರೂಮಿನಲ್ಲಿ ಸಿಗುವುದು ನಿಂತು ವರ್ಷಗಳಾದರೂ ಹಳೇ ಗಾಡಿಯ ಮೇಲಿನ ಮೋಹ ಇಳಿದಿಲ್ಲ. ಜಿಪ್ಸಿ ಕಿಂಗ್‌ಗೆ ಕಂಪನಿ ಕೊಟ್ಟ ಟೈರು 205/70 ಆರ್ 15. ಎತ್ತರ 668 ಮಿಲಿಮೀಟರ್. ಅದನ್ನು ಕಿತ್ತು 235/75 ಆರ್ 15 ಹಾಕಿದರೆ ಎತ್ತರ 733 ದಾಟುತ್ತದೆ. ಗಾಡಿ ನೆಲದಿಂದ ಒಂದೂಕಾಲು ಇಂಚು ಮೇಲೇಳುತ್ತದೆ, ಕಲ್ಲುದಾರಿಯಲ್ಲಿ ಅದು ಲಾಭವೇ. ಆದರೆ ಮಡ್‌ಗಾರ್ಡಿನ ಕೆಳಗೆ ಅಷ್ಟೇ ಜಾಗ ಖೋತಾ. ಅಗಲವೂ 30 ಮಿಲಿಮೀಟರ್ ಜಾಸ್ತಿ. ಮೀಟರು 60 ತೋರಿಸುವಾಗ ಗಾಡಿ 66ರ ಹತ್ತಿರ ಓಡುತ್ತಿರುತ್ತದೆ, ಅದು ಬೇರೆ ತಲೆನೋವು.

ನೇರ ನಿಂತಾಗ ಎಲ್ಲ ಚೆಂದ. ಸ್ಟೇರಿಂಗನ್ನು ಕೊನೆಯವರೆಗೆ, ಅಂದರೆ ಫುಲ್ ಲಾಕಿಗೆ, ತಿರುಗಿಸಿ ನೋಡಿ. ಒಳಬದಿಯ ಚಕ್ರದ ಹಿಂಭಾಗ ಸ್ಪ್ರಿಂಗ್ ಪಟ್ಟಿಗೆ ತಾಗುತ್ತದೆ, ಮುಂಭಾಗ ಬಂಪರಿನ ಮೂಲೆಗೆ. ಪಟ್ಟಿಗೆ ಉಜ್ಜಿದರೆ ಟೈರು ಹಾಳು, ಹೋಗಲಿ ಬಿಡಿ. ಬ್ರೇಕಿನ ರಬ್ಬರ್ ಪೈಪಿಗೆ ಉಜ್ಜಿದರೆ? ದಿನಾ ಸ್ವಲ್ಪ ಸವೆದು, ಒಂದು ದಿನ ಇಳಿಜಾರಿನಲ್ಲಿ ಪೆಡಲು ನೆಲ ಮುಟ್ಟುತ್ತದೆ. (2020ರಲ್ಲಿ ಬಂದ ಥಾರ್‌ಗೆ ಮುಂದುಗಡೆ ಪಟ್ಟಿಯೇ ಇಲ್ಲ. ಆದರೆ ಅಲ್ಲೂ ಉಜ್ಜಲು ಬೇರೆ ಜಾಗಗಳಿವೆ.)

ಸ್ಟಾಪರ್ ಮದ್ದು

ಇದಕ್ಕೆ ಅಗ್ಗದ ಮದ್ದೊಂದಿದೆ. ಚಕ್ರ ಎಷ್ಟು ತಿರುಗಬೇಕೆಂದು ತಡೆಯುವ ಸ್ಟಾಪರ್ ಬೋಲ್ಟನ್ನು ಹೊರಕ್ಕೆ ತಿರುಗಿಸುವುದು, ಇಲ್ಲವೇ ಅದಕ್ಕೊಂದು ವಾಷರ್ ಹಾಕುವುದು. ಸದ್ದು ನಿಂತಿತು, ನಿಜ. ತಿರುಗುವುದೂ ನಿಂತಿತು! ಜಿಪ್ಸಿಯ ಎರಡು ಆಕ್ಸಲ್ ನಡುವೆ 2,375 ಮಿಲಿಮೀಟರ್ ಅಂತರ. ಹೊರಬದಿಯ ಚಕ್ರ 30 ಡಿಗ್ರಿ ತಿರುಗುತ್ತಿತ್ತು ಎಂದಿಟ್ಟುಕೊಳ್ಳಿ, ಗಾಡಿ 9.5 ಮೀಟರ್ ವೃತ್ತದಲ್ಲಿ ಸುತ್ತುತ್ತದೆ. ಬರೀ 4 ಡಿಗ್ರಿ ಕಡಿಮೆ ಮಾಡಿ, 10.8 ಮೀಟರ್ ಬೇಕು. ನಾಲ್ಕು ಅಡಿಗೂ ಜಾಸ್ತಿ. 30 ಅಡಿಯ ಕ್ರಾಸು ಇರುವುದೇ 9.1 ಮೀಟರ್, ಅದರಲ್ಲೂ ಎರಡೂ ಕಡೆ ಕಾರುಗಳು. ಕಂಠೀರವ ಸ್ಟುಡಿಯೋದಲ್ಲಿ ಅಣ್ಣಾವ್ರ, ಅಪ್ಪು ಸಮಾಧಿಗೆ ಜನ ಸೇರುವ ದಿನ ಇಂಥ ಗಾಡಿ ಅಡ್ಡ ನಿಂತು ಹಿಂದೆ ಮುಂದೆ ಮಾಡುತ್ತಿದ್ದರೆ ಆಟೋದವರು ಆಡುವ ಮಾತನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಇನ್ನು ಕೆಲವರು ಚಕ್ರದ ಒಳಗೆ ಸ್ಪೇಸರ್ ಇಟ್ಟು ಟೈರನ್ನು ಹೊರಕ್ಕೆ ತಳ್ಳಿಸುತ್ತಾರೆ. ಪಟ್ಟಿ ಬಚಾವು, ಮಡ್‌ಗಾರ್ಡು ಗೋವಿಂದ. ಬೇರಿಂಗಿನ ಮೇಲೂ ಭಾರ ಹೆಚ್ಚು. ಗಾಡಿಯನ್ನೇ ಎತ್ತರಿಸೋಣ ಅಂದರೆ ಕಾನೂನು ಎದುರು ನಿಲ್ಲುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇಷ್ಟಾದರೂ ಹಾಕಿಸಲೇಬೇಕು ಅನ್ನುವವರು ದುಡ್ಡು ಎಣಿಸುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಸಮತಟ್ಟು ನೆಲದಲ್ಲಿ ತಿರುಗಿಸಿ ನೋಡಿದರೆ ಸಾಲದು. ಸ್ಪ್ರಿಂಗು ಅದುಮಿದಾಗ ಮಾತ್ರ ಉಜ್ಜುವ ಜಾಗಗಳು ಅಲ್ಲಿ ಕಾಣುವುದೇ ಇಲ್ಲ. ಮುಂದಿನ ಒಂದು ಚಕ್ರವನ್ನು ಗಟ್ಟಿ ರ್‍ಯಾಂಪಿನ ಮೇಲೆ ಹತ್ತಿಸಿ, ಬಾಕಿ ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನಿಲ್ಲಿಸಲಿ. ಆಮೇಲೆ ಇನ್ನೊಂದು ಚಕ್ರಕ್ಕೂ ಹಾಗೇ. ಇಂಜಿನ್ ಆರಿಸಿ ಟಾರ್ಚು ಹಿಡಿದು ಬಗ್ಗಿ ನೋಡಿ. ಬ್ರೇಕ್ ಪೈಪಿಗೂ ಟೈರಿಗೂ ನಡುವೆ ಒಂದು ಬೆರಳು ಆಡದಿದ್ದರೆ ಆ ಟೈರನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.