ಬಂಡೆಯಿಂದ ಬಾವಿಗೆ ಬರುವ ನೀರು

ಪವಿತ್ರ ಕುರ್‌ಆನಿನ 57ನೇ ಸೂರಾದ ಹೆಸರು ಅಲ್ ಹದೀದ್, ಅಂದರೆ ಕಬ್ಬಿಣ. ಬೀದರಿನವರು ಕಬ್ಬಿಣ ನೋಡಲು ದೂರ ಹೋಗಬೇಕಿಲ್ಲ. ನಮ್ಮ ಕೋಟೆಯ ಕಂದಕವನ್ನು ಕಡಿದಿರುವ ಜಂಬಿಟ್ಟಿಗೆ ಕಲ್ಲು ಕೆಂಪಾಗಿರುವುದು ಕಬ್ಬಿಣದ ತುಕ್ಕಿನಿಂದಲೇ.

ಆ ಕಲ್ಲು ಮೊದಲು ಕೆಂಪಾಗಿರಲಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಹರಿದ ಲಾವಾ ಆರಿ ಕರಿಯ ಬಸಾಲ್ಟ್ ಬಂಡೆಯಾಯಿತು. ಮಳೆನೀರು ಗಾಳಿ ಮತ್ತು ಮಣ್ಣಿನಿಂದ ಕಾರ್ಬನ್ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಆ ನೀರು ಬಂಡೆಯ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೇಗ ಕರಗಿಸಿ ಒಯ್ಯಿತು, ಸಿಲಿಕಾವನ್ನು ನಿಧಾನವಾಗಿ. ಸುಲಭವಾಗಿ ಕರಗದ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿದವು. ಅದೇ ಜಂಬಿಟ್ಟಿಗೆ. ಯಾವ ಧಾತು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆಗೆ ಭೂರಸಾಯನಶಾಸ್ತ್ರ ಎನ್ನುತ್ತಾರೆ.

ಭಾಲ್ಕಿ, ಔರಾದ್ ಕಡೆಯ ಎರೆ ಮಣ್ಣೂ ಇದೇ ಬಸಾಲ್ಟಿನ ಮಗುವೇ. ಅಲ್ಲಿ ಕ್ಯಾಲ್ಸಿಯಂ ಪೂರ್ತಿ ತೊಳೆದು ಹೋಗಿಲ್ಲ. ಹೊಲದಲ್ಲಿ ಸಿಗುವ ಸುಣ್ಣದ ಹರಳು, ಚಹಾ ಪಾತ್ರೆಯ ತಳದ ಬಿಳಿ ಪದರ, ನೊರೆ ಬಾರದ ಸಾಬೂನು ಎಲ್ಲವೂ ಅದರ ಗುರುತು. ಇದು ತೊಂದರೆಯೇ ಹೊರತು ಗಾಬರಿಯ ವಿಷಯವಲ್ಲ.

ಗಾಬರಿಯಾಗಬೇಕಾದದ್ದು ನೈಟ್ರೇಟ್ ಬಗ್ಗೆ. ಶೌಚದ ಗುಂಡಿ, ದನದ ಕೊಟ್ಟಿಗೆ, ಯೂರಿಯಾ ಇವುಗಳಿಂದ ಅದು ಹುಟ್ಟುತ್ತದೆ. ಮಣ್ಣು ಅದನ್ನು ಹಿಡಿದಿಡುವುದಿಲ್ಲ. ಜಂಬಿಟ್ಟಿಗೆ ತೂತುಬಿರುಕುಗಳ ಕಲ್ಲು. ಮೇಲೆ ಬಿದ್ದ ನೀರು ಬೇಗ ಕೆಳಗಿಳಿಯುತ್ತದೆ. ಬಹಮನಿ ಕಾಲದವರು ನೌಬಾದಿನಲ್ಲಿ ಕರೇಜ್ ಕೊರೆದು ನೀರು ತಂದದ್ದು ಈ ಗುಣವನ್ನು ನಂಬಿಯೇ. ಗುಂಡಿಯ ನೀರಿಗೂ ಅದೇ ದಾರಿ ತೆರೆದಿದೆ ಎಂಬುದನ್ನು ನಾವು ಮರೆತಿದ್ದೇವೆ.

ನಜಾಸತ್ತಿನಿಂದ ಬಣ್ಣ, ರುಚಿ, ವಾಸನೆ ಬದಲಾಗದ ಹೆಚ್ಚಿನ ನೀರು ಪಾಕ್, ಅದರಿಂದ ವುಝೂ ಮಾಡಬಹುದು ಎಂದು ಮಸೀದಿಯಲ್ಲಿ ಕಲಿತಿದ್ದೇವೆ. ಅದು ಸರಿ. ಆದರೆ ನೈಟ್ರೇಟಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವುಝೂಗೆ ಪಾಕ್ ಆದ ನೀರು ಬಾಟಲಿ ಹಾಲು ಕುಡಿಯುವ ಕೂಸಿಗೆ ಅಪಾಯವಾಗಬಹುದು: ರಕ್ತ ಆಮ್ಲಜನಕ ಒಯ್ಯದೆ ಮಗುವಿನ ತುಟಿ ನೀಲಿಯಾಗುತ್ತದೆ. ಲೀಟರಿಗೆ 45 ಮಿಲಿಗ್ರಾಂ ಭಾರತದ ಮಾನಕದ ಮಿತಿ. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹೋಗದು. ನೀರು ಇಂಗಿದಷ್ಟೂ ಅದು ದಟ್ಟವಾಗುತ್ತದೆ. ನಮ್ಮ ಅಮ್ಮಂದಿರು ಒಳ್ಳೆಯದೆಂದು ಮಾಡುವುದೇ ಇಲ್ಲಿ ತಿರುಗುಬಾಣ.

ಆರು ತಿಂಗಳವರೆಗೆ ಎದೆಹಾಲೇ ಸಾಕು, ಮೇಲೆ ನೀರು ಬೇಡ. ಬಾಟಲಿ ಹಾಲು ಅನಿವಾರ್ಯವಾದರೆ ಪರೀಕ್ಷಿಸಿದ ನೀರನ್ನೇ ಬಳಸಿ. ಮನೆಯ ಅಥವಾ ಮಸೀದಿಯ ಬಾವಿ, ಬೋರ್‌ವೆಲ್ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆ ಶುರುವಾದ ಮೇಲೊಮ್ಮೆ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಡಿ. ಚೀಟಿಯಲ್ಲಿ ನೈಟ್ರೇಟ್ ಎಂದು ಬರೆಸಲು ಮರೆಯಬೇಡಿ.