ಕಿವಿಯೊಳಗೊಂದು ಸಿಳ್ಳೆ

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೆ. ಕೆಳಗೆ ರಸ್ತೆಯ ಗದ್ದಲ. ಅದು ಕೇಳಿಸದಿರಲೆಂದು ಇಯರ್‌ಫೋನ್ ಸಿಕ್ಕಿಸಿ, ಸೌಂಡ್ ಪೂರ್ತಿ ಏರಿಸಿ ದಿನಕ್ಕೆ ಏಳೆಂಟು ಗಂಟೆ ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದೆ. ‘ಎಷ್ಟ್ ಸಲ ಒದರ್ಬೇಕಲೇ, ಕಿವಿ ಕೇಳಂಗಿಲ್ಲೇನ್?’ ಎಂದು ರೂಮ್‌ಮೇಟ್ ರೇಗಿದಾಗ ನಕ್ಕಿದ್ದೆ. ಲೈಟ್ ಆರಿಸಿ ಮಲಗಿದ ಮೇಲೂ ಎಡಗಿವಿಯಲ್ಲಿ ಸಣ್ಣ ಸಿಳ್ಳೆ ನಿಲ್ಲದಿದ್ದಾಗ ನಗು ಬರಲಿಲ್ಲ.

ಇಎನ್‌ಟಿ ಡಾಕ್ಟರ್ ಮಾಡಿಸಿದ ಆಡಿಯೋಗ್ರಾಂನಲ್ಲಿ ಗೆರೆ 4,000 ಹರ್ಟ್ಸ್ ಬಳಿ ಗುಂಡಿಗೆ ಬಿದ್ದಂತೆ ಇಳಿದಿತ್ತು. ಜೋರು ಸದ್ದಿನ ಪೆಟ್ಟು ಸಾಮಾನ್ಯವಾಗಿ ಮೊದಲು ಕಾಣುವುದು ಅಲ್ಲೇ. ಒಳಗಿವಿಯಲ್ಲಿ ಶಬ್ದ ಹಿಡಿಯುವ ರೋಮಕೋಶಗಳು ಸುಮಾರು 15 ಸಾವಿರ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೋಳಿಗಳಲ್ಲಿ ಹುಟ್ಟುತ್ತವೆ ಎಂದು ಸಂಶೋಧಕರು 1980ರ ದಶಕದಲ್ಲೇ ಕಂಡುಕೊಂಡಿದ್ದಾರೆ. ಕೋಳಿಗೆ ಯಾವ ಪರೀಕ್ಷೆ ಇದೆಯೋ!

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ನಾಲ್ಕೇ ಗಂಟೆ. ಅಂಕಿಯಲ್ಲಿ ಹತ್ತೇ ಹೆಚ್ಚು, ಕಿವಿಗೆ ಬೀಳುವ ಶಕ್ತಿ ಹತ್ತು ಪಟ್ಟು. ಲಾಗರಿದಂ ಪಾಠವನ್ನು ನಾನೂ ಕೇಳಿದ್ದೆ, ಫುಲ್ ವಾಲ್ಯೂಮಿನಲ್ಲಿ!

ಈಗ ಹಿಂದಿನ ಓಣಿಯ ರೂಮಿಗೆ ಬಂದಿದ್ದೇನೆ. ಗದ್ದಲ ಕಡಿಮೆ, ಹಾಗಾಗಿ ಸೌಂಡ್ ಅರ್ಧಕ್ಕಿಟ್ಟರೂ ಸಾಕು. ಮಧ್ಯೆ ಮಧ್ಯೆ ಇಯರ್‌ಫೋನ್ ತೆಗೆದು ನೋಟ್ಸ್ ಓದುತ್ತೇನೆ. ಸಿಳ್ಳೆ ತಗ್ಗಿದೆ, ಹೋಗಿಲ್ಲ. ಊರಿಂದ ಅವ್ವ ಫೋನ್ ಮಾಡಿದರೆ ಮೊಬೈಲನ್ನು ಬಲಗಿವಿಗೇ ಹಿಡಿಯುತ್ತೇನೆ. ಯಾಕೆಂದು ಅವಳಿಗಿನ್ನೂ ಹೇಳಿಲ್ಲ.