ಜೀವಕೋಶದ ಪೊರೆ ಮತ್ತು ಇನ್ಸುಲಿನ್

ಮಧುಮೇಹವೆಂದೊಡನೆ ಶರಣ ಬಂಧುಗಳ ಗಮನವೆಲ್ಲ ಸಕ್ಕರೆಯತ್ತ ಹರಿಯುತ್ತದೆ. ಸಕ್ಕರೆಯಿಲ್ಲದ ಚಹಾ ಕೇಳಿ ಪಡೆದವರು ಅದರೊಡನೆ ನಾಲ್ಕು ಬಜ್ಜಿಗಳನ್ನು ನಿಶ್ಚಿಂತೆಯಿಂದ ಸ್ವೀಕರಿಸುವುದುಂಟು. ಎರಡನೆಯ ಬಗೆಯ ಮಧುಮೇಹದ ಮೂಲವನ್ನು ಅರಸಿದ ವಿಜ್ಞಾನಿಗಳಾದರೋ ಕೊಬ್ಬಿನ ಕಡೆಗೂ ದೃಷ್ಟಿ ಹರಿಸಿದ್ದಾರೆ. ಹೊಟ್ಟೆಯ ಸುತ್ತಲಿನ ಕೊಬ್ಬಷ್ಟೇ ಅಲ್ಲ, ಪ್ರತಿಯೊಂದು ಜೀವಕೋಶವನ್ನು ಆವರಿಸಿರುವ ಪೊರೆಯ ಕೊಬ್ಬಿನ ಕಡೆಗೂ.

ಈ ಪೊರೆಯು ಗೋಡೆಯಂತೆ ಗಟ್ಟಿಯಾದುದಲ್ಲ. ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಅಣುಗಳು ಎರಡು ಪದರಗಳಾಗಿ ನಿಂತು ಎಣ್ಣೆಯಂತೆ ಸರಿದಾಡುತ್ತಿರುತ್ತವೆ. ಸಿಂಗರ್ ಮತ್ತು ನಿಕೋಲ್ಸನ್ ಈ ಚಿತ್ರಣವನ್ನು 1972ರಲ್ಲಿ ಮುಂದಿಟ್ಟರು. ಇನ್ಸುಲಿನ್ನಿನ ಗ್ರಾಹಕ ನಾಟಿಕೊಂಡಿರುವುದು ಇದರಲ್ಲಿಯೇ. ಅದರ ಹೊರಭಾಗವು ರಕ್ತದಲ್ಲಿ ಬಂದ ಇನ್ಸುಲಿನ್ನನ್ನು ಹಿಡಿಯುತ್ತದೆ. ಪೊರೆಯನ್ನು ಹಾಯ್ದು ಒಳಗೆ ಚಾಚಿದ ಭಾಗವು ಆ ಸುದ್ದಿಯನ್ನು ಕೋಶಕ್ಕೆ ಮುಟ್ಟಿಸುತ್ತದೆ. ಆಗ ಸ್ನಾಯುಕೋಶದೊಳಗಿನ ಸಣ್ಣ ಚೀಲಗಳು ಪೊರೆಯೊಡನೆ ಬೆರೆತು, ಗ್ಲೂಕೋಸನ್ನು ಒಳತರುವ ವಾಹಕಗಳನ್ನು ಅಲ್ಲಿ ನಿಲ್ಲಿಸುತ್ತವೆ.

ಪೊರೆಯ ರಚನೆಯಲ್ಲಿ ನಾವು ಉಣ್ಣುವ ಕೊಬ್ಬಿಗೂ ಪಾಲಿದೆ. ಪರ್ಯಾಪ್ತ ಕೊಬ್ಬಿನಾಮ್ಲದ ಎಳೆಗಳು ನೇರವಾಗಿದ್ದು, ಕಟ್ಟಿಗೆಯ ಹೊರೆಯಂತೆ ಒತ್ತೊತ್ತಾಗಿ ಕೂಡುತ್ತವೆ. ಅಪರ್ಯಾಪ್ತ ಎಳೆಗಳು ಬಾಗಿರುವುದರಿಂದ ನಡುವೆ ಎಡೆಯುಳಿದು ಪೊರೆ ಮೆದುವಾಗಿರುತ್ತದೆ. 1993ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದು ಸ್ನಾಯುವಿನ ಪೊರೆಯನ್ನೇ ಪರೀಕ್ಷಿಸಿತು: ಬಹು ಅಪರ್ಯಾಪ್ತ ಕೊಬ್ಬಿನಾಮ್ಲ ಕಡಿಮೆಯಿದ್ದವರಲ್ಲಿ ಇನ್ಸುಲಿನ್ನಿಗೆ ಓಗೊಡುವ ಗುಣವೂ ಕಡಿಮೆಯಿತ್ತು. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು, ನಿಜ. ಆದರೆ 2001ರಲ್ಲಿ 162 ಆರೋಗ್ಯವಂತರ ಮೇಲೆ ಮೂರು ತಿಂಗಳು ನಡೆದ ಆಹಾರ ಪ್ರಯೋಗದ ವರದಿ ಬಂದಿತು. ಪರ್ಯಾಪ್ತ ಕೊಬ್ಬನ್ನು ಹೆಚ್ಚಾಗಿ ಉಂಡವರಲ್ಲಿ ಆ ಗುಣ ಕುಗ್ಗಿತ್ತು. ಆಲಿವ್ ಎಣ್ಣೆಯಲ್ಲಿರುವಂತಹ ಏಕ ಅಪರ್ಯಾಪ್ತ ಕೊಬ್ಬನ್ನು ಉಂಡವರಲ್ಲಿ ಕುಗ್ಗಿರಲಿಲ್ಲ. ಒಟ್ಟು ಕೊಬ್ಬು ಮಿತಿಮೀರಿದವರಿಗೆ ಮಾತ್ರ ಎಣ್ಣೆ ಬದಲಿಸಿದ ಫಲ ದೊರೆಯಲಿಲ್ಲ. ಈ ಅಂಶವನ್ನು ಎಣ್ಣೆ ಮಾರುವವರು ಹೇಳುವುದಿಲ್ಲ!

ಪೊರೆಯೊಂದೇ ಕಾರಣವೂ ಅಲ್ಲ. ಸ್ನಾಯು ಮತ್ತು ಯಕೃತ್ತಿನ ಕೋಶಗಳ ಒಳಗೆ ಸೇರಿಕೊಂಡ ಕೊಬ್ಬು, ಗ್ರಾಹಕದಿಂದ ಹೊರಟ ಸುದ್ದಿಯನ್ನು ನಡುದಾರಿಯಲ್ಲಿಯೇ ತಡೆಯಬಲ್ಲುದು. ನಿತ್ಯದ ನಡಿಗೆಗೆ ಬೆಲೆಯಿರುವುದು ಇಲ್ಲಿ: ದುಡಿಯುವ ಸ್ನಾಯು ಇನ್ಸುಲಿನ್ನಿನ ಕರೆಗೆ ಕಾಯದೆಯೂ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತದೆ.

ಅಗಸೆ ಎಣ್ಣೆ ಕುಡಿದರೆ ಗುಳಿಗೆ ಬಿಡಬಹುದೆಂಬ ಸಂದೇಶಗಳು ಮೊಬೈಲಿನಲ್ಲಿ ಹರಿದಾಡುತ್ತಿವೆ. ಅಗಸೆ ಹಿಂಡಿ ರೊಟ್ಟಿಯೊಡನೆ ಒಳ್ಳೆಯ ಆಹಾರವೇ; ಔಷಧಿಯ ಸ್ಥಾನ ಅದಕ್ಕಿಲ್ಲ. ವೈದ್ಯರನ್ನು ಕೇಳದೆ ಗುಳಿಗೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ಯಾರೂ ನಿಲ್ಲಿಸಬಾರದೆಂದು ಸದ್ಭಕ್ತರಲ್ಲಿ ವಿನಂತಿ.